ಓಡಿದ್ದು ಯಾವ ಕಡೆಗೆ?

ಮೇಲ್ಮನವಿ ಪೀಠದ ಮಾನ್ಯ ಅಧ್ಯಕ್ಷರೇ,

ತಾವು ಕೇಳದೇ ಇದ್ದರೂ ಬರೆಯುತ್ತಿದ್ದೇನೆ. ಆ ಉದ್ಧಟತನಕ್ಕೆ ಮೊದಲೇ ಕ್ಷಮೆ ಇರಲಿ. ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕೆಂಬ ಪಾಠವನ್ನು ತಮ್ಮ ಕೆಳಗಿನ ನ್ಯಾಯಾಲಯ ನನಗೆ ಕಲಿಸಿದೆ. ನಾನದನ್ನು ಚಾಚೂ ತಪ್ಪದೆ ಪಾಲಿಸಿದೆ. ಫಲವಾಗಿ ನಮ್ಮ ಬೀದಿಯ ಹಾಸಿಗೆ ಹೊಲಿಯುವವನೊಬ್ಬ ಅಂಗಡಿಗೆ ಬೆಂಕಿ ಇಟ್ಟ ಅಪರಾಧಕ್ಕೆ ಏಳು ವರ್ಷದ ಶಿಕ್ಷೆಯಾಗಿ ಜೈಲಿನಲ್ಲಿದ್ದಾನೆ. ಸರ್ಕಾರವೇ ಕೊಟ್ಟ ಉಚಿತ ವಕೀಲರು ಅವನ ಪರವಾಗಿ ಬಾಯಿ ಬಿಡಲಿಲ್ಲ ಎಂಬ ಮೇಲ್ಮನವಿಯನ್ನು ತಾವು ಕಳೆದ ತಿಂಗಳು ತಳ್ಳಿಹಾಕಿದಿರಿ. ನನ್ನ ತಕರಾರು ಇಷ್ಟೇ: ಆ ವಕೀಲರು ಕೇಳದೆ ಬಿಟ್ಟುಹೋದ ಪ್ರಶ್ನೆಯೊಂದು ಈಗ ನನ್ನ ಮನೆಯಲ್ಲಿ ಬಿಡಾರ ಹೂಡಿದೆ. ದಯವಿಟ್ಟು ಬಂದು ಕರೆದುಕೊಂಡು ಹೋಗಿ.

ನಾನು ನಿವೃತ್ತ ಶಾಲಾ ಶಿಕ್ಷಕಿ. ಮಂಡಿ ಸವೆದಿರುವುದರಿಂದ ಮೊದಲ ಮಹಡಿಯ ಕಿಟಕಿಯೇ ನನ್ನ ಲೋಕಸಂಚಾರ. ಎದುರಿಗೆ ಹಾಸಿಗೆ, ದಿಂಬಿನ ಅಂಗಡಿ ಇತ್ತು. ಅಲ್ಲಿ ಕೆಲಸಕ್ಕಿದ್ದವನ ತಲೆ, ಹುಬ್ಬು, ಮೀಸೆಗೆಲ್ಲ ಹತ್ತಿಯ ಎಳೆ ಅಂಟಿಕೊಂಡಿರುತ್ತಿದ್ದರಿಂದ ಇಡೀ ಬೀದಿಗೆ ಅವನು ಹತ್ತಿಯಣ್ಣ. ಹಗಲೆಲ್ಲ ಮುದುಕ, ಸಂಜೆ ತಲೆ ಕೊಡವಿದರೆ ಮತ್ತೆ ಹುಡುಗ. ಒಂದು ಮಧ್ಯಾಹ್ನ ಮಾಲೀಕ, ದಿಂಬಿನ ಹೊಲಿಗೆ ಸೊಟ್ಟಗಿದೆಯೆಂದು ಗಿರಾಕಿಗಳ ಮುಂದೆಯೇ ಅವನ ಮಾನ ಕಳೆದ. ಹತ್ತಿಯಣ್ಣ "ನಿಮ್ಮ ಅಂಗಡಿಗೆ ಬೆಂಕಿ ಬೀಳ" ಎಂದು ಊಟಕ್ಕೆ ಎದ್ದುಹೋದ. ಹೊಟ್ಟೆ ತುಂಬಿದ ಮೇಲೆ ಸಿಟ್ಟಿಳಿದು ವಾಪಸ್ಸು ಬಂದು ಅದೇ ದಿಂಬನ್ನು ಬಿಚ್ಚಿ ನೆಟ್ಟಗೆ ಹೊಲಿದ. ಅಂದು ಸಂಜೆ ಅಂಗಡಿಗೆ ನಿಜಕ್ಕೂ ಬೆಂಕಿ ಬಿತ್ತು.

ಬೈಗುಳವೇ ಅಪರಾಧದ ಉದ್ದೇಶಕ್ಕೆ ಸಾಕ್ಷಿ ಎಂದು ತೀರ್ಪು ಹೇಳುತ್ತದೆ. ಮಾನ್ಯರೇ, ನಮ್ಮಮ್ಮ ಹೊತ್ತಿಕೊಳ್ಳದ ಒಲೆಗೂ "ನಿನಗೆ ಬೆಂಕಿ ಬೀಳ" ಎಂದು ಶಾಪ ಹಾಕುತ್ತಿದ್ದಳು. ಶಾಪ ಫಲಿಸಿದ್ದರೆ ಅವಳಿಗೆ ಅನುಕೂಲವೇ ಆಗುತ್ತಿತ್ತು. ಒಂದು ದಿನವೂ ಫಲಿಸಲಿಲ್ಲ. ನಮ್ಮ ಬೀದಿಯಲ್ಲಿ ದಿನಕ್ಕೆ ಎಷ್ಟು ಮನೆ ಹಾಳಾಗುತ್ತವೆ, ಎಷ್ಟು ಬಾಯಿಗೆ ಮಣ್ಣು ಬೀಳುತ್ತದೆ, ಎಷ್ಟು ನಾಲಿಗೆ ಸೇದಿಹೋಗುತ್ತವೆ ಎಂಬುದನ್ನು ತಮ್ಮ ಪೀಠ ಒಮ್ಮೆ ಬಂದು ಕೇಳಬೇಕು. ಆಮೇಲೆ ಜೈಲಿಗೆ ಜಾಗ ಸಾಲುವುದಿಲ್ಲ.

ನಾನು ಸರ್ಕಾರದ ಪರ ಸಾಕ್ಷಿ. ಕಟಕಟೆ ಹತ್ತಿಸಿ ಸರ್ಕಾರಿ ವಕೀಲರು ಕೇಳಿದರು. ಆರೋಪಿ ಅಂಗಡಿಯಿಂದ ಹೊರಬಂದದ್ದನ್ನು ಕಂಡಿರಾ? ಕಂಡೆ. ಒಳಗಿಂದ ಹೊಗೆ ಬರುತ್ತಿತ್ತೇ? ಬರುತ್ತಿತ್ತು. ನಡೆದನೇ, ಓಡಿದನೇ? ಓಡಿದ. ಆಮೇಲೆ ನಾನು ಇನ್ನೊಂದು ಮಾತಿಗೆ ಬಾಯಿ ತೆರೆದೆ. ನ್ಯಾಯಾಧೀಶರು ಬಹಳ ಮೃದುವಾಗಿಯೇ, "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ, ಅಮ್ಮ" ಎಂದರು. ತರಗತಿಯಲ್ಲಿ ನಾನೇ ಸಾವಿರ ಸಲ ಹೇಳಿದ ಮಾತು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಹೇಗೂ ಪಾಟೀಸವಾಲಿನಲ್ಲಿ ಹತ್ತಿಯಣ್ಣನ ವಕೀಲರು ಕೇಳುತ್ತಾರಲ್ಲ, ಪಾಟೀಸವಾಲು ಇರುವುದೇ ಅದಕ್ಕಲ್ಲವೇ ಎಂದು ಕಾದೆ. ಉತ್ತರವನ್ನು ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದೆ.

ವಕೀಲರು ಅರ್ಧ ಎದ್ದರು. ಒಂದು ಕೈ ಮೇಜಿನ ಮೇಲೆ, ಇನ್ನೊಂದು ಕೈ ಕೋಟಿನ ಜೇಬಿನಲ್ಲಿ ನಡುಗುತ್ತಿದ್ದ ಫೋನನ್ನು ಹುಡುಕುತ್ತಿತ್ತು. "ಪ್ರಶ್ನೆಗಳಿಲ್ಲ" ಎಂದರು. ಇನ್ನರ್ಧ ಏಳುವ ತೊಂದರೆ ತೆಗೆದುಕೊಳ್ಳದೆ ಕುಳಿತರು. ನಾನು ನಿಂತೇ ಇದ್ದೆ. ಕೊನೆಗೆ ಜವಾನ ಬಂದು, "ಇಳೀರಿ ಅಮ್ಮ, ಆಯ್ತು" ಎನ್ನಬೇಕಾಯಿತು.

ಶಿಕ್ಷೆ ಪ್ರಕಟವಾದ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಹತ್ತಿಯಣ್ಣನ ಹೆಂಡತಿ ನನ್ನ ಪಕ್ಕ ಬಂದು ನಿಂತಳು. ಉಗಿಯುತ್ತಾಳೆ ಎಂದುಕೊಂಡೆ, ಉಗಿದಿದ್ದರೆ ಒರೆಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದೆ.

"ಟೀಚರಮ್ಮಾ, ಓಡಿದ್ರು ಅಂದ್ರಲ್ಲ. ಯಾವ ಕಡೆ ಓಡಿದ್ರು?"

"ನಲ್ಲಿ ಕಡೆಗಮ್ಮ. ಕೈಯಲ್ಲಿ ಬಕೆಟ್ ಇತ್ತು."

"ಅಲ್ಲಿ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

"ನಾನು ಕೇಳಬಹುದಿತ್ತಾ?" ಎಂದಳು. "ಹಿಂದಿನ ಬೆಂಚಲ್ಲೇ ಕೂತಿದ್ದೆ."

ಆ ಸಂಜೆ ನಡೆದದ್ದು ಇಷ್ಟು. ಬೀದಿಯ ಮೂಲೆಯಲ್ಲಿ ಸಾರ್ವಜನಿಕ ನಲ್ಲಿ. ಹತ್ತಿಯಣ್ಣ ಅಂಗಡಿಯ ಬಕೆಟ್ ಹಿಡಿದು ಅಲ್ಲಿಗೆ ಓಡಿದ. ನೀರು ಎಂದಿನಂತೆ ಎಳೆ ಎಳೆಯಾಗಿ ಬೀಳುತ್ತಿತ್ತು. ನಲ್ಲಿಗೆ ಗುದ್ದಿದ. ಕತ್ತೆತ್ತಿ ನನ್ನ ಕಿಟಕಿ ನೋಡಿ, "ಟೀಚರಮ್ಮಾ, ನೀರು" ಎಂದು ಕೂಗಿದ. ನಾನು ಅಡುಗೆಮನೆಯ ಬಿಂದಿಗೆ ಎತ್ತಿಕೊಂಡು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೀದಿ ತುಂಬ ಜನ. ಅವನು ಅರ್ಧ ಬಕೆಟ್ಟಿನೊಂದಿಗೆ ಒಳಗೆ ನುಗ್ಗಿ ಮೊಣಕೈವರೆಗೆ ಸುಟ್ಟುಕೊಂಡು ಹೊರಬಂದಿದ್ದ. ಆ ಸುಟ್ಟ ಕೈಯೂ ಅವನ ವಿರುದ್ಧದ ಸಾಕ್ಷ್ಯವಾಯಿತು. ಬೆಂಕಿ ಹೇಗೆ ಹತ್ತಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ. ಆದರೆ ಬೆಂಕಿ ಇಟ್ಟವನು ಬೀದಿಗೆಲ್ಲ ಕೇಳುವಂತೆ ಸಾಕ್ಷಿಯನ್ನೇ ಹೆಸರು ಹಿಡಿದು ಕರೆದು ನೀರು ಕೇಳುತ್ತಾನೆಯೇ? ಪೊಲೀಸರಿಗೂ ಇದನ್ನೆಲ್ಲ ಹೇಳಿದ್ದೆ. ಅವರು "ಓಡಿದನು" ಎಂಬಲ್ಲಿಗೆ ಪೂರ್ಣವಿರಾಮ ಹಾಕಿ ಚಹಾಕ್ಕೆ ಹೋದರು.

ಈಗ ತಮ್ಮ ಆದೇಶಕ್ಕೆ ಬರೋಣ. ಪಾಟೀಸವಾಲು ಮಾಡದಿರುವುದು "ವಕೀಲರ ವಿವೇಚನೆಗೆ ಸೇರಿದ ತಂತ್ರ" ಎಂದಿದ್ದೀರಿ. ತಂತ್ರ! ನನ್ನ ತರಗತಿಯಲ್ಲಿ ಖಾಲಿ ಉತ್ತರಪತ್ರಿಕೆ ಕೊಟ್ಟ ಮಕ್ಕಳಿಗೆ ಈ ಪದ ಹೊಳೆಯಲಿಲ್ಲವಲ್ಲ ಎಂದು ಮರುಕವಾಗುತ್ತಿದೆ. ಅವರಿಗೆ ನಾನು ಸೊನ್ನೆ ಕೊಟ್ಟೆ, ಅವರೇ ಅನುಭವಿಸಿದರು. ಇಲ್ಲಿ ಖಾಲಿ ಹಾಳೆ ಕೊಟ್ಟವರೊಬ್ಬರು, ಫೇಲಾದವನು ಇನ್ನೊಬ್ಬ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡಬಹುದು; ಬೇಲಿ ಮಲಗಿ ಗೊರಕೆ ಹೊಡೆದರೆ ಅದು ತಂತ್ರವೇ? ತಂತ್ರ ಎನ್ನಬೇಕಾದರೆ ಆ ವಕೀಲರು ಒಂದೇ ಒಂದು ಸಲ ನನ್ನ ಮೆಟ್ಟಿಲು ಹತ್ತಿ, ನಾನು ಕಂಡದ್ದೇನೆಂದು ಕೇಳಿ, ಬೇಕಾದರೆ ಆಮೇಲೆ ಬೇಡವೆಂದು ತೀರ್ಮಾನಿಸಬೇಕಿತ್ತು. ಅಡುಗೆಮನೆಗೇ ಹೋಗದವನು ಉಪವಾಸವನ್ನು ವ್ರತ ಎನ್ನಬಾರದು.

ಎರಡನೆಯದಾಗಿ, ಪ್ರಶ್ನೆ ಕೇಳಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದಿದ್ದೀರಿ. ತಾವೂ ನನ್ನನ್ನು ಕೇಳಲಿಲ್ಲ. ಹೇಳಿಕೆ ಬರೆದು ಕಳಿಸಿದೆ. ಸಾಕ್ಷ್ಯದ ಹಂತ ಮುಗಿಯಿತೆಂದು ತಮ್ಮ ಕಚೇರಿ ಹಿಂದಿರುಗಿಸಿತು. ಕೇಳದೆಯೇ ಉತ್ತರ ತಿಳಿಯುವ ಶಕ್ತಿ ಪೀಠಕ್ಕಿದ್ದರೆ ನಮಸ್ಕಾರ. ಅದೇ ಶಕ್ತಿಯಿಂದ ನನ್ನ ಕಳೆದುಹೋದ ಕನ್ನಡಕ ಎಲ್ಲಿದೆಯೆಂದೂ ಹೇಳಿಬಿಡಿ.

ಹೋದ ವಾರ ಜೈಲಿಗೆ ಹೋಗಿದ್ದೆ. ಗಾಜಿನ ಆಚೆ ಬಂದು ಕುಳಿತವನನ್ನು ಗುರುತಿಸಲಿಲ್ಲ. ಮೈಮೇಲೆ ಒಂದೂ ಹತ್ತಿಯ ಎಳೆ ಇರಲಿಲ್ಲ, ಕೂದಲು ಮಾತ್ರ ನಿಜವಾಗಿಯೇ ಬೆಳ್ಳಗಾಗಿತ್ತು. ಇಲ್ಲೂ ದಿಂಬು ಹೊಲಿಯುವ ಕೆಲಸವೇ ಕೊಟ್ಟಿದ್ದಾರೆ, ಯಾರು ಸೊಟ್ಟ ಅಂದರೂ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ನಗಿಸಲು ನೋಡಿದ. ವಕೀಲರು ಅವನನ್ನು ಕಂಡದ್ದು ಒಮ್ಮೆ, ನ್ಯಾಯಾಲಯದ ಪಡಸಾಲೆಯಲ್ಲಿ, ನಿಂತುಕೊಂಡು. ಟೀಚರಮ್ಮನನ್ನು ಕೇಳಿ ಎಂದು ಇವನು ಅಂಗಲಾಚಿದ್ದಾನೆ. ಆಕೆ ಎದುರು ಪಕ್ಷದವಳು, ಬಾಯಿ ಬಿಡಿಸಿದರೆ ನಮಗೇ ಕಷ್ಟ ಎಂದು ಅವರು ಗಡಿಯಾರ ನೋಡಿಕೊಂಡರಂತೆ. ಏಳುವಾಗ ಹತ್ತಿಯಣ್ಣ ಹೇಳಿದ:

"ನೀವು ಕಿಟಕೀಲಿದ್ರಲ್ಲ ಟೀಚರಮ್ಮಾ, ಅದಕ್ಕೇ ನಾನು ಹೆದರಲಿಲ್ಲ."

ಅಂದಿನಿಂದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಪ್ರಶ್ನೆ ಬರುತ್ತದೆ, ಆಮೇಲೆ ನೀರು. ಪಕ್ಕದ ಮನೆಯಾಕೆ ಊಟ ಆಯ್ತಾ ಎಂದರೆ "ನಲ್ಲಿ ಕಡೆಗೆ" ಎನ್ನುತ್ತೇನೆ. ಹಾಲಿನವನು ಎಷ್ಟು ಬೇಕೆಂದರೆ "ನಲ್ಲಿ ಕಡೆಗೆ." ಮೊದಲು ನಗುತ್ತಿದ್ದರು, ಈಗ ನನ್ನನ್ನು ಏನೂ ಕೇಳುವುದಿಲ್ಲ. ಸುಟ್ಟ ಅಂಗಡಿಯ ಜಾಗದಲ್ಲಿ ಕನ್ನಡಕದಂಗಡಿ ಬಂದಿದೆ. ಉಚಿತ ಕಣ್ಣು ಪರೀಕ್ಷೆ ಎಂಬ ಫಲಕ ದಿನವಿಡೀ ನನ್ನನ್ನೇ ದಿಟ್ಟಿಸುತ್ತದೆ. ರಸ್ತೆ ಅಗಲ ಮಾಡುವವರು ಮೊನ್ನೆ ಬಂದು ಆ ನಲ್ಲಿಗೆ ಕೆಂಪು ಬಣ್ಣದಲ್ಲಿ ಗೀಟು ಹಾಕಿ ಹೋದರು. ಅದನ್ನು ಕಿತ್ತ ಮೇಲೆ ತಾವು ಕೇಳಿದರೂ ನನ್ನ ಬೆರಳು ತೋರಿಸುವುದು ಬರೀ ಬಯಲನ್ನು.

ಆದ್ದರಿಂದ ಆಗ್ರಹ ಒಂದೇ. ಮೇಲ್ಮನವಿಯನ್ನು ಮತ್ತೆ ತೆರೆಯಿರಿ, ನನ್ನನ್ನು ಕಟಕಟೆ ಹತ್ತಿಸಿ, ಓಡಿದ್ದು ಯಾವ ಕಡೆಗೆ ಎಂದು ಕೇಳಿ. ಕೇಳಲು ವಕೀಲರಿಗೆ ಬಿಡುವಿಲ್ಲದಿದ್ದರೆ ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಇದ್ದಾಳೆ, ಅವಳಿಗೆ ಪ್ರಶ್ನೆ ಬಾಯಿಪಾಠವಾಗಿದೆ. ಉತ್ತರ ಕೇಳಿದ ಮೇಲೂ ಅವನು ಅಪರಾಧಿ ಎನಿಸಿದರೆ ಹಾಗೇ ಬರೆಯಿರಿ. ಆದರೆ ಕೇಳಿ ಬರೆಯಿರಿ.

ಅಲ್ಲಿಯವರೆಗೆ ನಾನು ಈ ಕಿಟಕಿ ಮುಚ್ಚುವುದಿಲ್ಲ. ಮುಚ್ಚಿದ್ದು ಗೊತ್ತಾದರೆ ಅವನು ಹೆದರುತ್ತಾನೆ.

ಇಂತಿ,
ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಹಾಳಾದ,
ಸರ್ಕಾರದ ಪರ ಸಾಕ್ಷಿ