ಅರೆದ ಕಲ್ಲಿನ ಮುಖ

ಪುವೆಬ್ಲಾ,
೯ ನವೆಂಬರ್ ೧೯೬೪

ಪ್ರೀತಿಯ ಅಣ್ಣ ಹಸಿಂತೋ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಸೋಮಾರಿ ತಂಗಿಯನ್ನು ಮೊದಲು ಬೈದುಕೋ, ಆಮೇಲೆ ಕ್ಷಮಿಸು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸತ್ತವರ ಹಬ್ಬದಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಚೆಂಡುಹೂವು ಇಟ್ಟೆ. ಅಪ್ಪನ ಸಿಗರೇಟನ್ನೂ ಮರೆಯಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಚಿತ್ರಗಳ ಪೆಟ್ಟಿಗೆಯೊಂದು ಸಿಕ್ಕಿದೆ. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ಮನೆಯ ಮಗಳು ಎಂದು ಧೂಳು ಒರೆಸಲು ನನ್ನನ್ನು ಕರೆದರು. ಮೇಲೆ ಫ್ರಾನ್ಸಿನ ಹಳೆಯ ಕಲಾವಿದರು: ಬಟ್ಟೆ ಒಗೆಯುವ ಹೆಂಗಸು, ಮಳೆಯಲ್ಲಿ ನಿಂತ ಕುದುರೆ. ಕೆಳಗೆ ನಮ್ಮವರು: ಟೋಪಿ ಹಾಕಿಕೊಂಡು ಕುಣಿಯುವ ಅಸ್ಥಿಪಂಜರಗಳು, ಮೆಕ್ಕೆಜೋಳದ ರೊಟ್ಟಿ ತಟ್ಟುವ ಮುದುಕಿಯರು. ಊಟವಾದ ಮೇಲೆ ಅಪ್ಪ ಇಂಥವನ್ನೇ ಮೇಜಿನ ಮೇಲೆ ಹರಡುತ್ತಿದ್ದರಲ್ಲ? "ಮೊದಲು ಕೈ ತೊಳ್ಕೊಂಡು ಬನ್ನಿ. ಫ್ರಾನ್ಸಿನೋನು ಬರೀ ಕಪ್ಪಲ್ಲೇ ಎಷ್ಟು ಬಣ್ಣ ತೋರಿಸ್ತಾನೆ ನೋಡಿ. ನಮ್ಮೋನು ಬಿಡಿ, ಸಾವನ್ನೂ ಗೇಲಿ ಮಾಡ್ತಾನೆ." ಆ ಮಧ್ಯಾಹ್ನಗಳು ನನಗೆ ಮತ್ತೆ ಬೇಕು ಅಣ್ಣ, ಶಾಯಿಯ ವಾಸನೆ ಸಮೇತ.

ಪೆಟ್ಟಿಗೆಯ ತಳದಲ್ಲಿ ನಮ್ಮ ಅಚ್ಚುಮನೆಯದೇ ಒಂದು ಕ್ಯಾಲೆಂಡರ್ ಇತ್ತು, ೧೯೪೭ರದು. ಜ್ವಾಲಾಮುಖಿ ಬೆಟ್ಟ, ಅದರ ಮೇಲೆ ಆಕಾಶ. ಗ್ರಂಥಪಾಲಕಿ ಕಾಸಿಲ್ದಾ ಕನ್ನಡಕ ಏರಿಸಿ, "ಮೋಡ ಅಂದ್ಕೊಂಡಿದ್ದೆ ಕಣೇ. ಹೆಂಗಸಿನ ಮುಖ ಅಲ್ವಾ ಇದು?" ಎಂದಳು.

"ನಮ್ಮಮ್ಮ," ಎಂದೆ.

ನಿನಗೆ ಗೊತ್ತಲ್ಲ, ಹೊಸ ಚಿತ್ರ ಬರೆಯುವ ಮುಂಚೆ ಕಲ್ಲನ್ನು ಮರಳು ಹಾಕಿ ಚೆನ್ನಾಗಿ ಅರೆಯದಿದ್ದರೆ ಹಳೆಯ ಚಿತ್ರದ ಜಿಡ್ಡು ಉಳಿದು ಹೊಸದರಲ್ಲಿ ಮಸುಕಾಗಿ ಮೂಡುತ್ತದೆ. ಅಮ್ಮ ಸಾಯುವ ಮುಂಚೆ ಅಪ್ಪ ಕಲ್ಲಿನ ಮೇಲೆ ಬರೆದ ಮುಖ ಅದು. ಒಂದು ಪ್ರತಿಯನ್ನೂ ತೆಗೆಯುವ ಮೊದಲೇ ಈ ಕ್ಯಾಲೆಂಡರಿಗಾಗಿ ಕಲ್ಲು ಅರೆದುಹೋಗಿತ್ತು. "ಕ್ಯಾಲೆಂಡರೇ ಹೆಚ್ಚಾಯ್ತಾ? ಅಮ್ಮನ ಮುಖಾನೇ ಅರೆದುಬಿಟ್ಟೆಯಲ್ಲಪ್ಪ," ಎಂದು ಕೂಗಿ ನೀನು ಮನೆ ಬಿಟ್ಟೆ. ಅಪ್ಪ "ಹೌದು, ನಾನೇ" ಎಂದಷ್ಟೇ ಹೇಳಿದ್ದರು.

ಚಿತ್ರವನ್ನು ಗ್ರಂಥಾಲಯದವರು ಹೊರಗೆ ಕೊಡುವುದಿಲ್ಲ. ನೀನೇ ಬಂದು ನೋಡು. ಗ್ವಾದಲೂಪೆ ತಾಯಿ ನಿನ್ನನ್ನೂ ಮಕ್ಕಳನ್ನೂ ಕಾಪಾಡಲಿ.

ನಿನ್ನ ತಂಗಿ,
ರೆಮೆದಿಯೋಸ್

ಇನ್ನೊಂದು ಮಾತು: ಅಪ್ಪ ಅರೆಯಲು ಹೇಳಿದ್ದು ಬಾಗಿಲ ಬಳಿಯ ಕಲ್ಲನ್ನು. ಸಿನಿಮಾಕ್ಕೆ ಹೊತ್ತಾಯಿತೆಂದು ನಾನು ಕಿಟಕಿಯ ಬಳಿಯದನ್ನು ಎಳೆದುಕೊಂಡು, ನೋಡದೆಯೇ ಮರಳು ಸುರಿದೆ. ಜಡೆ ಅಳಿಸುವಾಗ ಅಮ್ಮ ಎಂದು ಗೊತ್ತಾಯಿತು. ಬೈಸಿಕೊಳ್ಳುವ ಭಯಕ್ಕೆ ಉಳಿದದ್ದನ್ನೂ ಅರೆದೆ. ಅವಸರಕ್ಕೆ ಕೆಲಸ ಅರೆಬರೆಯಾಯಿತು. ಅಪ್ಪ ನನಗೋಸ್ಕರ "ನಾನೇ" ಎಂದರು. ಹನ್ನೆರಡು ವರ್ಷದವಳು ಸುಮ್ಮನಿದ್ದೆ, ಮೂವತ್ತಾದರೂ ಸುಮ್ಮನೇ ಇದ್ದೆ. ಹೋದ ವರ್ಷ ನೀನು ಅವರ ಮಣ್ಣಿಗೂ ಬರಲಿಲ್ಲ. ಅದಕ್ಕೂ ನಾನೇ ಕಾರಣ, ಅಣ್ಣ.