ಮೂವತ್ತೊಂದನೇ ಪುಟದ ಹೆಂಗಸು

ಜುಲೈ 7, 2025. ಸೋಮವಾರ. ಬೆಳಗ್ಗೆ 7.40

ಆರೂವರೆಗೆ ಟೋಕಿಯೋ ಕಾಲ್. ಅಲ್ಲಿ ಹತ್ತು ಗಂಟೆ, ಇಲ್ಲಿ ಹಾಲಿನವನು ಬರುವ ಹೊತ್ತು. ಸಂಪಾದಕ ಹಯಾಸೆ ಇಸ್ತ್ರಿ ಮಾಡಿದ ಅಂಗಿಯಲ್ಲಿ. ನಾನು ನೈಟಿಯ ಮೇಲೆ ದುಪಟ್ಟಾ. ನಡುವೆ ಪುಣೆಯ ದುಭಾಷಿ ಹುಡುಗಿ. ಅವನ ಜಪಾನಿಯನ್ನು ಹಿಂದಿ ಮಾಡಿ ಹೇಳುತ್ತಾಳೆ. ನನ್ನ ಹಿಂದಿಯನ್ನು ಏನು ಮಾಡುತ್ತಾಳೋ ದೇವರೇ ಬಲ್ಲ.

ಹದಿನೆಂಟು ಕಚ್ಚಾ ಪುಟ ಪಾಸ್. ಇನ್ನೂ ನಂಬಿಕೆ ಬಂದಿಲ್ಲ, ಅದಕ್ಕೆ ಮತ್ತೊಮ್ಮೆ ಬರೆದಿಡುತ್ತೇನೆ: ಐದು ಭಾಗದ ಜಪಾನಿ ದೆವ್ವದ ಕಾದಂಬರಿ. ಅದನ್ನು ಮಂಗಾ ಮಾಡುವುದು, ಅಂದರೆ ಅವರ ಕಾಮಿಕ್ಸ್, ಬಲದಿಂದ ಎಡಕ್ಕೆ ಓದುವಂಥದ್ದು. ಮೊದಲ ಅಧ್ಯಾಯ ಪರೀಕ್ಷೆಗೆ. ಒಪ್ಪಿದರೆ ಐದೂ ಭಾಗ ನನಗೆ, ಮೂರು ವರ್ಷದ ಕೆಲಸ. ಒಪ್ಪದಿದ್ದರೆ ಫಿಲಿಪ್ಪೀನ್ಸಿನ ಇನ್ನೊಬ್ಬನಿಗೆ. ನಾನು ಮೂಡಲಗಿಯ ಹೈಸ್ಕೂಲಿನ ಡ್ರಾಯಿಂಗ್ ಟೀಚರು, ವಯಸ್ಸು ಮೂವತ್ತೆಂಟು. ಹನ್ನೆರಡು ವರ್ಷದಿಂದ ಮಾವಿನಕಾಯಿ ಬಿಡಿಸುವುದನ್ನು ಕಲಿಸುತ್ತಿದ್ದೇನೆ. ಈ ಕೆಲಸ ನನಗೆ ಬೇಕು. ತುಂಬಾ ಬೇಕು.

ಬಸ್ಸಿಗೆ ಹೊತ್ತಾಯಿತು.

ಜುಲೈ 9. ಸಂಜೆ

ಸಾಲೆಯಲ್ಲಿ ನನ್ನ ಮೊದಲ ಓದುಗಾರ್ತಿ ಹಣಮವ್ವ. ಗಂಟೆ ಹೊಡೆಯುವವಳು. ಓದು ಬರುವುದಿಲ್ಲ, ಚಿತ್ರ ನೋಡುತ್ತಾಳೆ. ಊಟದ ಬಿಡುವಿನಲ್ಲಿ ಟ್ಯಾಬ್ ಕೊಟ್ಟೆ. ಕಥೆ ಹೇಳಿದೆ: ಬೆಟ್ಟದ ಹಳ್ಳಿ, ಒಂದು ಹಳೇ ಮನೆ, ಅದರ ನೆಲದಡಿ ಹೂತ ಹೆಂಗಸು. ಬಾಡಿಗೆಗೆ ಬಂದವರನ್ನೆಲ್ಲ ಕೆಳಗಿನಿಂದ ಕಾಯುತ್ತಾಳೆ.

ದೆವ್ವದ ಪುಟಕ್ಕೆ ಬಂದಳು. ನೋಡಿದಳು. ಮೂಗು ಒರೆಸಿಕೊಂಡಳು.

"ಇದರಾಗ ಅಂಜೂದೇನೈತ್ರಿ ಅಕ್ಕಾರ? ಪಾಪ, ತನ್ನಷ್ಟಕ್ಕ ತಾ ಕುಂತಾಳ."

ಮೂರು ವಾರದ ಕೆಲಸ. ಸಿಟ್ಟು ಬಂತು. ಅವಳು ಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದೆ, ಸಿಟ್ಟಿನಲ್ಲೇ.

ಜುಲೈ 14. ಬೆಳಗ್ಗೆ 7.15

ಹಯಾಸೆಯ ಮೊದಲ ಪ್ರಶ್ನೆ: "ಇವಳು ಯಾಕೆ ಕೂತಿದ್ದಾಳೆ?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ದುಭಾಷಿ ಮತ್ತೆ ಹೇಳಿದಳು. ಹೂತ ಹೆಣ ಮಲಗಿರಬೇಕಲ್ಲ, ನೀವು ಚಕ್ಕಳಮಕ್ಕಳ ಕೂರಿಸಿದ್ದೀರಿ. ತೊಡೆಯ ಮೇಲೆ ಅಂಗೈ ಬೇರೆ. ಯಾಕೆ?

ಕಾದಂಬರಿಯ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ — ಅವಳನ್ನು ಮಣ್ಣಿಗೆ ಇಟ್ಟರು. ಓದಿದೆ, ಗುಂಡಿ ತೆಗೆದೆ, ಅದರ ಬದಿಗೆ ಗೂಡು ಕೊರೆದೆ, ಕೂರಿಸಿದೆ. ಲಿಂಗ ಕಟ್ಟಿಕೊಳ್ಳುವ ನಮ್ಮಲ್ಲಿ ಎಲ್ಲರನ್ನೂ ಇಡುವುದು ಹಾಗೆಯೇ. ಅಜ್ಜ, ಅಜ್ಜಿ, ದೊಡ್ಡಪ್ಪ… ಎಲ್ಲರೂ ಕೂತಿದ್ದಾರೆ. ಮಲಗಿಸಬೇಕು ಎನ್ನುವುದು ತಲೆಗೇ ಬರಲಿಲ್ಲ. ಆ ಜಪಾನಿ ಮನೆಗೆ ಅವರ ಚಾಪೆಯ ಅಳತೆ, ಬಾಗಿಲಿನ ಕಾಗದ, ಚಪ್ಪಲಿ ಬಿಡುವ ಮೆಟ್ಟಿಲು — ಎಲ್ಲ ಹುಡುಕಿ ಹುಡುಕಿ ಬಿಡಿಸಿದವಳು ನಾನು. ಹೆಣವೊಂದನ್ನು ಮಾತ್ರ ನಮ್ಮವರನ್ನು ಇಡುವ ಹುಕ್ಕೇರಿಯ ಹೊಲದಿಂದ ತಂದೆ.

ಹಯಾಸೆ ಸಿಟ್ಟಾಗಲಿಲ್ಲ. ಲೇಖಕಿಯನ್ನು ಕೇಳುತ್ತೇನೆ ಎಂದ. ಅವನ ಮುಖ ನೋಡಿದರೆ ಫಿಲಿಪ್ಪೀನ್ಸಿನವನಿಗೆ ಪತ್ರ ಬರೆಯುವ ಹಾಗಿತ್ತು.

ಜುಲೈ 16. ಬೆಳಗ್ಗೆ

ಲೇಖಕಿಯ ಉತ್ತರ ಬಂತು. ಎಂಬತ್ತರ ಹತ್ತಿರದ ಮುದುಕಿ. ಅವಳ ಅಜ್ಜಿಯ ಊರಿನಲ್ಲಿ ಹಿಂದೆ ಸತ್ತವರನ್ನು ದುಂಡನೆಯ ಮರದ ತೊಟ್ಟಿಯಲ್ಲಿ ಮೊಣಕಾಲು ಮಡಿಸಿ ಕೂರಿಸುತ್ತಿದ್ದರಂತೆ. ಬರೆಯುವಾಗ ಅವಳ ಕಣ್ಣೊಳಗೆ ಇದ್ದದ್ದೂ ಕೂತವಳೇ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ತಾನೂ ಹೇಳಲಿಲ್ಲ. ಈ ಚಿತ್ರಗಾರ್ತಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಾಳೆ.

ಕೂರಿಸಿದ್ದು ಹಾಗೇ ಇರಲಿ. ಮುಖವೂ ಅದೇ ಇರಲಿ, ಅದನ್ನು ಮುಟ್ಟಬೇಡಿ. ಇಷ್ಟು ಲೇಖಕಿಯದು. ಹಯಾಸೆ ಸೇರಿಸಿದ್ದು: ಮೂವತ್ತೊಂದನೇ ಪುಟ, ಅಧ್ಯಾಯದ ಕೊನೆ. ಇಡೀ ಪುಟ ಅವಳೊಬ್ಬಳೇ. ಕಣ್ಣು ತೆರೆಯಬೇಕು. ಬಾಯಿ ಕಿವಿಯವರೆಗೆ ಹರಿಯಬೇಕು.

ಖುಷಿಗೆ ಅಪ್ಪನಿಗೆ ಅವಲಕ್ಕಿ ಮಾಡಿದೆ. ಎರಡು ಸಲ ಉಪ್ಪು ಹಾಕಿದೆ. ನಮ್ಮಪ್ಪ ಗುರುಲಿಂಗಪ್ಪ ಸಾಹೇಬರು ಮೊಸರು ಸುರಿದುಕೊಂಡು ತಿಂದರು.

ಅದೇ ದಿನ. ಸಂಜೆ 6

ಮೂವತ್ತೊಂದು ಶುರು ಮಾಡಿದೆ. ರೆಪ್ಪೆ ಬಿಡಿಸಲು ಮುಖವನ್ನು ದೊಡ್ಡದು ಮಾಡಿದೆ. ಎಡ ಹುಬ್ಬಿನಲ್ಲಿ ಒಂದು ಸಣ್ಣ ಬಿರುಕು. ರೊಟ್ಟಿ ಹಂಚು ತಾಗಿದ ಗಾಯ.

ಅವ್ವನದು.

ನಾನೇ ಎಳೆದ ಗೆರೆ, ಯಾವಾಗ ಎಳೆದೆನೋ ಗೊತ್ತಿಲ್ಲ. ಆಮೇಲೆ ಎಲ್ಲ ಕಂಡಿತು. ಮೂಗಿನ ಪಕ್ಕದ ಮಡಿಕೆ. ಮುಚ್ಚಿದರೂ ಪೂರ್ತಿ ಮುಚ್ಚದ ಕೆಳತುಟಿ.

ಟ್ಯಾಬ್ ಆರಿಸಿಟ್ಟೆ.

ಜುಲೈ 22

ಆರು ಬೇರೆ ಮುಖ ಬಿಡಿಸಿದೆ. ಬಸ್ಸಿನಲ್ಲಿ ಕಂಡವರದು, ಹೆಡ್‌ಮಾಸ್ಟರ ಹೆಂಡತಿಯದು (ಇದು ಯಾರಿಗೂ ತಿಳಿಯಬಾರದು). ಕಳಿಸಿದೆ. ಹಯಾಸೆಯ ಉತ್ತರ ಎರಡೇ ಸಾಲು: ನಿಮ್ಮನ್ನು ಆರಿಸಲು ಕಾರಣವೇ ಆ ಮೊದಲ ಮುಖ. ಆಗಸ್ಟ್ ನಾಲ್ಕರೊಳಗೆ ಪುಟ ಬೇಕು.

ಹರಿದ ಬಾಯಿ ಒಂದು ಸಲ ಎಳೆದು ನೋಡಿದೆ. ತುಟಿಯ ಕೊನೆಯಿಂದ ಅರ್ಧ ಕೆನ್ನೆಯವರೆಗೆ. ಒಂದೇ ಗೆರೆ. ಅಂಡೂ, ಅಂದರೆ ಮಾಡಿದ್ದನ್ನು ಅಳಿಸುವ ಗುಂಡಿ, ಒತ್ತಿದೆ, ಗೆರೆ ಹೋಯಿತು. ಕೈ ಆಮೇಲೂ ಅಂಡೂ ಒತ್ತುತ್ತಲೇ ಇತ್ತು, ಹುಬ್ಬು, ಸೆರಗು ಎಲ್ಲ ಒಂದೊಂದಾಗಿ ಹೋದವು.

ಅವ್ವನನ್ನು ಮಣ್ಣಿಗೆ ಇಟ್ಟದ್ದನ್ನು ನಾನು ನೋಡಿಲ್ಲ. 2013ರ ಏಪ್ರಿಲ್. ಧಾರವಾಡದಲ್ಲಿ ಡ್ರಾಯಿಂಗ್ ಪರೀಕ್ಷೆ, ಫೋನು ಹೊರಗೆ ಚೀಲದಲ್ಲಿ. ಒಳಗೆ ನಾನು ತಂಬಿಗೆಗೆ ನೆರಳು ಹಾಕುತ್ತಿದ್ದೆ. ಹುಕ್ಕೇರಿಗೆ ಬಂದು ಮುಟ್ಟಿದಾಗ ಮಣ್ಣು ಎಳೆದಾಗಿತ್ತು. ಬಿಸಿಲು, ತಡೆಯುವಂತಿರಲಿಲ್ಲ ಎಂದರು ಕಾಕಾ. ಹನ್ನೆರಡು ವರ್ಷವಾಯಿತು. ಅಪ್ಪ ಆ ದಿನದ ಬಗ್ಗೆ ಒಂದು ಮಾತೂ ಆಡಿಲ್ಲ. ನಾನೂ ಕೇಳಿಲ್ಲ.

ನೋಡದ್ದನ್ನು ಬಿಡಿಸಿದ್ದೇನೆ. ಈಗ ಅದರ ಬಾಯಿ ಹರಿಯಬೇಕು. ಹರಿದರೆ ಐದು ಭಾಗ ನನ್ನವು.

ಜುಲೈ 24. ಸಂಜೆ

ಅಪ್ಪ ನೋಡಿಬಿಟ್ಟ.

ಚಹಾ ತಂದವನು ಹಿಂದೆ ನಿಂತಿದ್ದ, ನನಗೆ ಗೊತ್ತಾಗಲಿಲ್ಲ. ಕಪ್ಪು ಕೆಳಗಿಟ್ಟ ಸದ್ದು ಕೇಳಿ ತಿರುಗಿದೆ.

"ಇದು ಆ ಜಪಾನ್ ದೆವ್ವದ ಪುಸ್ತಕದ್ದೇನು?"

"ಹೂಂ."

"ನಮ್ಮೊಳಗ ಸತ್ತವರು ದೆವ್ವ ಆಗೂದಿಲ್ಲ ರಾಜಿ."

"ಗೊತ್ತೈತಿ ಅಪ್ಪಾ."

ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ಬಹಳ ಹೊತ್ತು. ಅಂಗೈಯ ಮೇಲೆ ಬೆರಳಿಟ್ಟ. ನಮ್ಮವರನ್ನು ಇಡುವಾಗ ಅಂಗೈಯಲ್ಲಿ ಲಿಂಗ ಇರುತ್ತದೆ, ಅದನ್ನು ಬಿಡಿಸಿರಲಿಲ್ಲ ನಾನು. ಬೇಕೆಂದೇ ಖಾಲಿ ಬಿಟ್ಟಿದ್ದೆ.

"ಇದನ್ನ ಖಾಲಿ ಬಿಟ್ಟಿ. ಛಲೋ ಮಾಡಿದಿ. ಲಿಂಗ ನಿಮ್ಮವ್ವಂದು."

ಅಷ್ಟೇ. ಹೋಗಿ ಟಿವಿ ಹಚ್ಚಿದ. ನನಗೆ ನಾಚಿಕೆಯಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 27. ಭಾನುವಾರ. ಸಂಜೆ 7

ಹುಕ್ಕೇರಿಗೆ ಹೋಗಿ ಬಂದೆವು. ಪಂಚಮಿಗೆ ಮೊದಲು ಅವ್ವನಿಗೆ ಉಂಡಿ ಇಟ್ಟು ಬರುವುದು ಪ್ರತಿ ವರ್ಷದ್ದು. ಹೋದ ವರ್ಷ ನಾನು ತಪ್ಪಿಸಿದ್ದೆ. ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ಅಪ್ಪ ಬಾಳೆಹಣ್ಣು ಕೊಂಡ. ಹೊಲದಲ್ಲಿ ಗೋವಿನಜೋಳ ಎದೆಯೆತ್ತರ. ಕಾಕಾ ಪಂಪಿನ ಹತ್ತಿರ ಇದ್ದರು.

ಅವ್ವನ ಗದ್ದುಗೆಯ ಕಲ್ಲು ತೊಳೆದು, ವಿಭೂತಿ ಹಚ್ಚಿ, ಉಂಡಿ ಇಟ್ಟೆವು. ಅಪ್ಪ ಅಲ್ಲೇ ಬದುವಿನ ಮೇಲೆ ಕೂತ. ತಾನೇ ಶುರು ಮಾಡಿದ.

"ನೀ ಬಿಡಿಸಿದ್ದರಾಗ ಒಂದು ತಪ್ಪೈತಿ. ತಲಿ ಅಷ್ಟು ನೆಟ್ಟಗ ನಿಲ್ಲೂದಿಲ್ಲ."

ಪಕ್ಕದಲ್ಲಿ ಕೂತೆ.

"ಬಾಗತಿತ್ತು. ಗೂಡಿನಾಗ ಕುಂದ್ರಿಸಿದ ಮ್ಯಾಲ ಎದಿಮ್ಯಾಲ ಬೀಳತಿತ್ತು. ಇಳಿದು ನಾನ ಗದ್ದ ಹಿಡಕೊಂಡ್ನಿ. ಅವರು ಪತ್ರಿ, ವಿಭೂತಿ ತುಂಬಕೋತ ಬಂದ್ರು. ಕುತಗಿ ಮಟ ಬಂತು. ಸ್ವಾಮ್ಯಾರು ಅಂದ್ರು, ಸಾಕ ಬಿಡ್ರಿ ಗುರುಲಿಂಗಪ್ಪಾ. ನಾ ಬಿಡ್ಲಿಲ್ಲ. ಮತ್ತೊಮ್ಮಿ ಅಂದ್ರು. ಮೂರ ಸಲ ಅಂದ್ರು."

"ಯಾಕ ಬಿಡ್ಲಿಲ್ಲ?"

"ನೀ ಬರೂದಿತ್ತಲ್ಲ. ಬಂದಿಂದ ಮುಖ ನೋಡ್ಲಿ ಅಂತ."

ಕಲ್ಲಿನ ಮೇಲೆ ಇರುವೆ ಹತ್ತಿದ್ದವು. ಅಪ್ಪ ಒಂದೊಂದನ್ನೇ ಊದಿ ಕಳಿಸಿದ. ನಾನು ಅತ್ತೆ. ಹನ್ನೆರಡು ವರ್ಷ ಅಂದುಕೊಂಡಿದ್ದೆ, ನನ್ನನ್ನು ಬಿಟ್ಟು ಎಲ್ಲ ಮುಗಿಸಿಕೊಂಡರು ಎಂದು.

ಬಸ್ಸಿನಲ್ಲಿ ಅಪ್ಪ ನಿದ್ದೆ ಹೋದ, ಬಾಯಿ ತೆರೆದುಕೊಂಡು. ನಾನು ಅವನ ಕೈ ನೋಡುತ್ತ ಬಂದೆ. ಫಾಲ್ಸ್ ಹತ್ತಿರದ ನೂಲಿನ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಹರಿದ ನೂಲು ಜೋಡಿಸಿದ ಕೈ. ಹೆಬ್ಬೆರಳು ತೋರುಬೆರಳು ನಿದ್ದೆಯಲ್ಲೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ.

ಜುಲೈ 28. ಬೆಳಗ್ಗೆ

ಮೂವತ್ತೊಂದು ಹೊಸದಾಗಿ. ತಲೆ ಬಾಗಿದೆ. ಸೆರಗಿನ ನೆರಳಿನಲ್ಲಿ ಮುಖ ಪೂರ್ತಿ ಮುಚ್ಚಿದೆ, ಹುಬ್ಬೂ ಕಾಣುವುದಿಲ್ಲ. ಹಿಂದಿನ ಪುಟಗಳಲ್ಲೂ ಹಾಗೇ ಮಾಡುತ್ತೇನೆ. ಇಲ್ಲಿ ಮಾತ್ರ ಪಕ್ಕದಿಂದ ಒಂದು ಕೈ ಬಂದು ಅವಳ ಗದ್ದ ಹಿಡಿದಿದೆ. ಬದುಕಿದವನ ಕೈ. ಬೇರೇನೂ ಇಲ್ಲ.

ಹಯಾಸೆಗೆ ಬರೆದೆ. ಆ ಮುಖ ನನ್ನ ತಾಯಿಯದು, ಕೊಡಲು ಆಗುವುದಿಲ್ಲ. ಬಾಯಿ ಹರಿಯುವುದಿಲ್ಲ. ಇದು ಬೇಡವಾದರೆ ಕೆಲಸ ಫಿಲಿಪ್ಪೀನ್ಸಿನವರಿಗೇ ಕೊಡಿ. ಕಳಿಸಿಬಿಟ್ಟೆ. ದೊಡ್ಡತನ ತೋರಿಸಿದ್ದಾಯಿತು. ಈಗ ಮಾವಿನಕಾಯಿಯೇ ಗತಿ.

ಜುಲೈ 31. ಮೂಡಲಗಿ, ಸ್ಟಾಫ್ ರೂಮ್

ಉತ್ತರವಿಲ್ಲ. ಹೊಸ ಪುಟವನ್ನು ಹಣಮವ್ವನಿಗೆ ತೋರಿಸಿದೆ. ಟ್ಯಾಬನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಅಕ್ಕಾರ… ಆ ಕೈ ಬಿಟ್ರ ತಲಿ ಬೀಳತೈತಲ್ಲ?"

"ಬೀಳತೈತಿ."

"ಹಗಲೂ ರಾತ್ರಿ ಹಿಡಕೊಂಡ ಇರಬೇಕೇನು ಅಂವ?"

ಟ್ಯಾಬ್ ನನ್ನ ಕೈಗೆ ಕೊಟ್ಟಳು. ಸೆರಗು ಹೊದ್ದುಕೊಂಡು ಗಂಟೆ ಹೊಡೆಯಲು ಹೋದಳು. ಮೂರು ನಿಮಿಷ ಮೊದಲೇ ಹೊಡೆದಳು.

ಆಗಸ್ಟ್ 4. ಬೆಳಗ್ಗೆ 7.30

ಕಾಲ್ ಬಂತು. ಹಯಾಸೆ ಎಂದಿಗಿಂತ ಮೆಲ್ಲಗೆ ಮಾತಾಡಿದ. ತಾಯಿಯ ವಿಷಯಕ್ಕೆ ತಲೆ ಬಾಗಿಸಿದ. ಲೇಖಕಿ ಮುಖವಿಲ್ಲದ ಪುಟ ಒಪ್ಪಿದ್ದಾಳೆ. ಬಾಯಿ ಹರಿಯುವುದು ಬೇಡವೆಂದು ಅವಳೇ ಹೇಳಿದಳಂತೆ.

ಆಮೇಲೆ "ಆದರೆ" ಬಂತು. ಆ ಕೈ ಸರಿಯಿಲ್ಲ. ಗದ್ದ ಹಿಡಿದ ಹಾಗಿಲ್ಲ, ಅಂಗಡಿಯಲ್ಲಿ ಹಣ್ಣು ಹಿಡಿದು ನೋಡಿದ ಹಾಗಿದೆ. ಪುಟವೆಲ್ಲ ಅದರ ಮೇಲೆ ನಿಂತಿದೆ. ಬುಧವಾರ ಬೆಳಗ್ಗೆ ಈ ಮಂಗಾ ಅಚ್ಚು ಹಾಕುವ ಪತ್ರಿಕೆಯವರ ಸಭೆ. ಅಷ್ಟರಲ್ಲಿ ಕೈಗೆ ಭಾರ ಬಂದರೆ ಐದೂ ಭಾಗ ನಿಮ್ಮವು. ಬರದಿದ್ದರೆ ಅವನೇನೂ ಮಾಡುವಂತಿಲ್ಲ.

ನಿಜವನ್ನೇ ಹೇಳಿದ. ನೆಟ್ಟಿನಲ್ಲಿ ಸಿಕ್ಕ ಯಾರದೋ ಕೈ ನೋಡಿ ಬಿಡಿಸಿದ್ದೆ. ಅಪ್ಪನನ್ನು ಕೇಳಲು ಬಾಯಿ ಬಂದಿರಲಿಲ್ಲ.

ಆಗಸ್ಟ್ 5. ಸಂಜೆ 5.50

ಕೇಳಿದೆ.

"ಕೈ ಬೇಕಾಗೇತಿ ಅಪ್ಪಾ. ಅವತ್ತ ಹಿಡಿದಂಗ."

ಬೇಡ ಅನ್ನಬಹುದು ಎಂದುಕೊಂಡಿದ್ದೆ. ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಗಾಳಿಯಲ್ಲಿ ಕೈ ಚಾಚಿದ. ಎರಡು ಸ್ಕೆಚ್ ಮಾಡಿದೆ. ಆಗಲಿಲ್ಲ. ಖಾಲಿ ಕೈ ಖಾಲಿಯೇ ಕಾಣುತ್ತದೆ. ತಂಬಿಗೆ ಕೊಟ್ಟೆ, ದಿಂಬು ಕೊಟ್ಟೆ. ಅಪ್ಪನಿಗೇ ಬೇಸರ ಬಂತು.

"ಅದೆಲ್ಲಾ ಬ್ಯಾಡ. ನೀನ ಬಾ."

ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಟೈಮರ್ ಹತ್ತು ಸೆಕೆಂಡು. ಅವನ ಕುರ್ಚಿಯ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಕೈ ತೊಡೆಯ ಮೇಲೆ, ಅಂಗೈ ಮೇಲಕ್ಕೆ. ಅಪ್ಪ ಗದ್ದ ಹಿಡಿದ. ಒರಟು ಬೆರಳು, ಸೋಪಿನ ವಾಸನೆ.

"ಹಿಂಗ ಬಿಗಿ ಹಿಡಿಬ್ಯಾಡ ಯವ್ವಾ. ಭಾರ ಬಿಡು."

ಬಿಟ್ಟೆ. ತಲೆ ಪೂರ್ತಿ ಅವನ ಅಂಗೈಗೆ ಬಂತು. ಕೈ ಒಂದಿಷ್ಟು ಕೆಳಗಿಳಿಯಿತು, ಮತ್ತೆ ತಡೆಯಿತು.

ಫೋನು ಕ್ಲಿಕ್ ಎಂದಿತು. ಫೋಟೋ ಚೆನ್ನಾಗಿ ಬಂದಿದೆ, ಆಮೇಲೆ ನೋಡಿದೆ. ಹಯಾಸೆ ಕೇಳಿದ ಭಾರ ಅದರಲ್ಲಿದೆ.

ಕ್ಲಿಕ್ ಆದ ಮೇಲೂ ಅಪ್ಪ ಕೈ ತೆಗೆಯಲಿಲ್ಲ. ಸಾಕಪ್ಪಾ, ಬಿಡು, ಎಂದೆ. ಬಿಡಲಿಲ್ಲ. ಎರಡನೇ ಸಲ ಹೇಳಬೇಕೆಂದು ಬಾಯಿ ತೆರೆದೆ, ಆದರೆ ಸ್ವಾಮ್ಯಾರು ಮೂರು ಸಲ ಹೇಳಿದ್ದು ನೆನಪಾಗಿ ಬಾಯಿ ಮುಚ್ಚಿದೆ, ತಲೆಯನ್ನು ಅವನ ಅಂಗೈಯಲ್ಲೇ ಬಿಟ್ಟೆ.