ಕ್ಯಾಮೆರಾ ಪಕ್ಕ ನೋಡುವ ನಾಯಿ

ಅಬ್ಬಾ,

ಇಂದು ನಾವಿರುವ ಈ ಪರದೇಶದ ಊರು ಕಾರ್ಲ್‌ಸ್ಕ್ರೂನಾದ ಲೈಬ್ರರಿಯಲ್ಲಿ ನೂರು ವರ್ಷ ಹಳೆಯ ಮೂಕಿಚಿತ್ರ ಹಾಕಿದ್ದರು. ಆ ಕಾಲದ ಸ್ಟಾರ್ ನಾಯಿಯೊಂದು ನೆರೆ ನೀರಿನಿಂದ ಮಗುವನ್ನು ಎಳೆದು ತಂದಿತು. ನಿಮ್ಮ ಮೊಮ್ಮಗಳು ರೂಹಿ ಕೇಳಿದಳು: "ಮಮ್ಮಾ, ನಾಯಿ ಆ ಬೇಬಿನ ನೋಡ್ತಾನೇ ಇಲ್ಲ, ಯಾಕೆ?"

ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದ ನೀವು ನನಗೆ ಹೇಳಿದ್ದನ್ನೇ ಹೇಳಿದೆ: "ಅದರ ಯಜಮಾನ ಕ್ಯಾಮೆರಾ ಪಕ್ಕ ನಿಂತು ಕರೀತಿರ್ತಾನೆ. ಅದು ಅವನನ್ನೇ ನೋಡೋದು."

ಹೇಳುತ್ತಲೇ ನಿಮ್ಮ ಕೊನೆಯ ಕಾಲ್ ನೆನಪಾಯಿತು. ನೀವು ತೀರಿಕೊಂಡ ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ನಾನು, "ಇಲ್ಲಿರೋ ಪರ್ಮಿಟ್ ರಿನ್ಯೂ ಆಗ್ಲಿ ಅಬ್ಬಾ, ಈಗ ಹೊರಟ್ರೆ ವಾಪಸ್ ಬರೋಕಾಗಲ್ಲ" ಎನ್ನುತ್ತಲೇ ಇದ್ದೆ. ನೀವು ನನ್ನನ್ನು ನೋಡದೆ ಫೋನಿನ ಪಕ್ಕಕ್ಕೇ ನೋಡುತ್ತಿದ್ದಿರಿ.

ಅಲ್ಲಿ ಯಾರಿದ್ದರೆಂದು ಈಗಷ್ಟೇ ಅಮ್ಮಿಗೆ ಫೋನ್ ಮಾಡಿ ಕೇಳಿದೆ.

"ಯಾರೂ ಇರ್ಲಿಲ್ಲಮ್ಮಾ, ಬಾಗಿಲಷ್ಟೇ ಇತ್ತು" ಅಂದರು.

ಅಬ್ಬಾ, ಇನ್ನು ಒಂದೇ ಒಂದು ಸಲ ಆ ಬಾಗಿಲ ಕಡೆ ನೋಡಿ. ಬಂದೆ, ಈಗ ಬಂದೆ.